ಹಿತ್ತಾಳೆ ಶೆಲ್ಲು ಮತ್ತು ನಿನ್ನ ವೀಸಾ

ತಮ್ಮಾ, ಅಮೆರಿಕಕ್ಕೆ ಬಂದು ಮೂರೇ ತಿಂಗಳು, ಫ್ಲೀ ಮಾರ್ಕೆಟ್‌ನಲ್ಲಿ (ಹಳೇ ಸಾಮಾನಿನ ಸಂತೆಯಲ್ಲಿ) ಎರಡನೇ ಮಹಾಯುದ್ಧದ ಆ್ಯಂಟಿ-ಟ್ಯಾಂಕ್ (ಟ್ಯಾಂಕ್ ಹೊಡೆಯುವ) ಫಿರಂಗಿಯ ಶೆಲ್ ಕಂಡೆ, ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರು ಕೊಳ್ಳಬಹುದಾ ಅಂತ ಕೇಳಿದ್ದೀಯ. ಸದ್ಯಕ್ಕೆ ಬೇಡ.

ಅಮೆರಿಕದಲ್ಲಿ ಬಂದೂಕು ತರಕಾರಿ ಥರ ಸಿಗುತ್ತದೆ ಅಂತ ಊರಲ್ಲಿ ಕೇಳಿರುತ್ತೇವೆ, ಅಲ್ವಾ? ಆದರೆ ಎಚ್-1ಬಿ, ಎಫ್-1 (ವಿದ್ಯಾರ್ಥಿ) ವೀಸಾದವರು ಬಂದೂಕು, ಮದ್ದುಗುಂಡು ಇಟ್ಟುಕೊಳ್ಳುವಂತಿಲ್ಲ. ಇದು ಫೆಡರಲ್ ಕಾನೂನು. ಬೇಟೆ ಲೈಸೆನ್ಸ್ ಇದ್ದವರಿಗೆ, ಇನ್ನು ಕೆಲವರಿಗೆ ವಿನಾಯಿತಿ ಉಂಟು. ಆ ಕಾನೂನಿನಲ್ಲಿ ಮದ್ದುಗುಂಡು ಅನ್ನುವ ಮಾತಿಗೆ ಖಾಲಿ ಕೇಸೂ, ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆ ಕೊಳವೆಯೂ, ಸೇರುತ್ತದೆ. ಹೂವು ಇಡೋಕೆ ತಂದಿದ್ದು ಅಂದರೆ ಒಪ್ಪುವವರೂ ಇರಬಹುದು. ಆದರೆ ಗ್ರೀನ್ ಕಾರ್ಡಿಗೆ ಕಾಯುವವನಿಗೆ ಆ ಜೂಜು ಯಾಕೆ? ನಾನೂ ಕಾರ್ಡ್ ಕೈಗೆ ಬಂದ ಮೇಲೇ ಇಂಥವನ್ನು ಕೂಡಿಡೋಕೆ ಶುರು ಮಾಡಿದ್ದು. ತೀರಾ ಆಸೆಯಿದ್ದರೆ ಮೊದಲು ವಕೀಲರನ್ನು ಕೇಳು.

ಅಲ್ಲಿಯವರೆಗೆ ನೋಡೋದು ಕಲಿ. ನೀನು ಕಳಿಸಿದ ಫೋಟೋದಲ್ಲಿ ತಳದ ಮೇಲೆ 37 ಎಂಎಂ, ಎಂ16 ಅಂತ ಒತ್ತಿದ್ದಾರೆ. ಮೊದಲನೆಯದು ಫಿರಂಗಿ ನಳಿಗೆಯ ಒಳಗಲ, ಎರಡನೆಯದು ಕೇಸಿನ ಮಾದರಿ. ಅದು ಅಮೆರಿಕದ ಎಂ3 ಆ್ಯಂಟಿ-ಟ್ಯಾಂಕ್ ಫಿರಂಗಿಯದು. ಉದ್ದ 223 ಮಿಮೀ, ಸರಿಯಾಗಿ ಒಂದು ಗೇಣು. ವಿಮಾನದ 37 ಎಂಎಂ ಕೇಸು 145 ಮಿಮೀ ಅಷ್ಟೇ, ಆದರೂ ಕೆಲವರು ಅದನ್ನೂ ಆ್ಯಂಟಿ-ಟ್ಯಾಂಕ್ ಅಂತಲೇ ಮಾರುತ್ತಾರೆ. ಜೇಬಿನಲ್ಲಿ ಟೇಪ್ ಇರಲಿ. ಅಮೆರಿಕದ ಹಗುರ ಟ್ಯಾಂಕ್ ಸ್ಟುವರ್ಟಿಗೂ ಇದೇ ಶೆಲ್. 1944ರಲ್ಲಿ ಇಂಫಾಲದಲ್ಲಿ ನಮ್ಮ ಭಾರತೀಯ ಸೇನೆಯ 7ನೇ ಕ್ಯಾವಲ್ರಿ ದಳದವರು ಹೋರಾಡಿದ್ದು ಆ ಟ್ಯಾಂಕುಗಳಲ್ಲೇ. ಟ್ಯುನೀಷಿಯಾದಲ್ಲಿ ಜರ್ಮನ್ ಟ್ಯಾಂಕಿನ ಮುಂದೆ ಎಂ3 ಸೋತಿತು. ಆಮೇಲೆ ಬ್ರಿಟಿಷರ ಸಿಕ್ಸ್-ಪೌಂಡರ್ ಫಿರಂಗಿಯ ನಕ್ಷೆಯಿಂದ ಮಾಡಿದ 57 ಎಂಎಂ ಫಿರಂಗಿ ಅದರ ಜಾಗಕ್ಕೆ ಬಂತು. ಅದರ ಕೇಸು 441 ಮಿಮೀ, ಹತ್ತಿರ ಹತ್ತಿರ ಒಂದು ಮೊಳ. ಪೆಸಿಫಿಕ್‌ ಯುದ್ಧದಲ್ಲಿ ಮಾತ್ರ 37 ಎಂಎಂ ಕೊನೆಯವರೆಗೂ ನಡೆಯಿತು. ಅಲ್ಲಿ 122 ಉಕ್ಕಿನ ಗುಂಡು ತುಂಬಿದ ಡಬ್ಬಿಯನ್ನು, ಅಂದರೆ ಕ್ಯಾನಿಸ್ಟರ್ ಹೊಡೆಯುತ್ತಿದ್ದರು.

ತಳದ ನಡುವೆ ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ ಬಿಲ್ಲೆ) ನೋಡು. ತಗ್ಗು ಬಿದ್ದಿದ್ದರೆ ಹಾರಿಸಿದ್ದು. ತಗ್ಗಿಲ್ಲದೆ ನುಣ್ಣಗಿದ್ದರೆ ಮುಟ್ಟಬೇಡ. ಬಾಯಲ್ಲಿ ಗುಂಡು ಕೂತಿದ್ದರೆ ಇನ್ನೂ ಹುಷಾರು. ಗಟ್ಟಿ ಉಕ್ಕಿನ ಗುಂಡಿನ ಹಿಂಭಾಗದಲ್ಲೂ ಟ್ರೇಸರ್ ಮದ್ದು (ಗುಂಡಿನ ದಾರಿ ಕಾಣಲಿ ಅಂತ ಉರಿಯುವ ಮದ್ದು) ಇರುತ್ತದೆ. ಒಳಗೆ ಸ್ಫೋಟಕ ತುಂಬಿದ್ದಾದರೆ ಸರ್ಕಾರದಲ್ಲಿ ನೋಂದಾಯಿಸಿಯೇ ಇಟ್ಟುಕೊಳ್ಳಬೇಕು. 2008ರಲ್ಲಿ ವರ್ಜೀನಿಯಾದಲ್ಲಿ ಅಮೆರಿಕದ ಸಿವಿಲ್ ವಾರ್ (ಅಂತರ್ಯುದ್ಧ) ಕಾಲದ ಫಿರಂಗಿ ಗುಂಡು ಸ್ವಚ್ಛ ಮಾಡುತ್ತಿದ್ದ ಸಂಗ್ರಾಹಕರೊಬ್ಬರು ಅದು ಸಿಡಿದು ಸತ್ತರು. 140 ವರ್ಷ ಹಳೆಯದಾದರೂ ಅದು ಸುಮ್ನೆ ಕೂತಿರಲಿಲ್ಲ ನೋಡು.

ಸ್ವಚ್ಛ ಮಾಡೋದು ಅಂದಾಗ ನೆನಪಾಯಿತು. ನನ್ನ ಮೊದಲ ಕೇಸನ್ನು ನಿನ್ನ ಅತ್ತಿಗೆ ದೀಪಾವಳಿಗೆ ದೀಪದ ಕಂಬಗಳ ಜೊತೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿಟ್ಟಳು. ಚಿನ್ನದ ಹಾಗೆ ಹೊಳೆಯಿತು, ನನಗೂ ಖುಷಿಯೇ. ಗನ್ ಶೋಗೆ (ಬಂದೂಕು, ಹಳೇ ಯುದ್ಧದ ಸಾಮಾನು ಮಾರುವ ಮೇಳಕ್ಕೆ) ಒಯ್ದೆ. ಒಬ್ಬ ಅಜ್ಜ ಕೈಯಲ್ಲಿ ತಿರುಗಿಸಿ ನೋಡಿ ಮುಖ ಕಿವುಚಿದ. ಮೈಮೇಲೆ ಕಪ್ಪು ಶಾಯಿಯಲ್ಲಿ ಛಾಪಿಸಿದ್ದ ಅಕ್ಷರ, ಲಾಟ್ ನಂಬರು (ಯಾವ ಕಂತಿನಲ್ಲಿ ತಯಾರಾದದ್ದು ಅನ್ನುವ ಗುರುತು) ಎಲ್ಲ ಹೋಗಿತ್ತು. ಬೆಲೆ ಇದ್ದದ್ದೇ ಅದಕ್ಕೆ. ಈಗ ಒಣಬಟ್ಟೆ ಬಿಟ್ಟು ಬೇರೇನೂ ಮುಟ್ಟಿಸುವುದಿಲ್ಲ.

ಊರಿಗೆ ಹೋಗುವಾಗ ಸೂಟ್‌ಕೇಸಿನಲ್ಲಂತೂ ಇಂಥದ್ದು ಬೇಡವೇ ಬೇಡ. ಬೆಂಗಳೂರು ಏರ್‌ಪೋರ್ಟಿನ ಸ್ಕ್ಯಾನರ್ ಮುಂದೆ ನಿಂತು ಹೂದಾನಿಯ ಕಥೆ ಹೇಳುವ ಪಾಡು ಯಾಕೆ? ಶನಿವಾರ ಮನೆಗೆ ಬಾ, ನನ್ನವನ್ನೇ ನೋಡಿಕೊಂಡು ಹೋಗು. ಆ ಹೊಳೆಯುವುದೂ ಇನ್ನೂ ಶೆಲ್ಫಿನ ಮೇಲೇ ಇದೆ.