ಮೊದಲ ಜಿಗಿತವೇ ಫೌಲ್

ಪ್ರಶ್ನೆ: ಮಗಳು ಹತ್ತನೇ ಕ್ಲಾಸು. ಉದ್ದ ಜಿಗಿತದಲ್ಲಿ ಪ್ರಾಕ್ಟೀಸ್ ಚೆನ್ನಾಗಿದೆ. ಸ್ಪರ್ಧೆಯ ದಿನ ಮಾತ್ರ ಹೊಟ್ಟೆ ತೊಳೆಸುತ್ತದೆ, ಕೈ ತಣ್ಣಗಾಗುತ್ತದೆ, ಮೊದಲ ಜಿಗಿತ ಫೌಲ್ ಆಗುತ್ತದೆ. ಏನು ಮಾಡಲಿ ಸರ್?
– ಒಬ್ಬ ತಾಯಿ, ತೀರ್ಥಹಳ್ಳಿ

ಉತ್ತರ: ಅಮ್ಮಾ, ಇದು ಕಾಯಿಲೆಯಲ್ಲ. ಆತಂಕದಲ್ಲಿ ಮೈ ಸುರಿಸುವ ಅಡ್ರಿನಲಿನ್ ಹಾರ್ಮೋನ್ ಏರಿದಾಗ ರಕ್ತ ಹೊಟ್ಟೆ, ಚರ್ಮದ ಕಡೆ ಕಡಿಮೆಯಾಗಿ ದೊಡ್ಡ ಸ್ನಾಯುಗಳಿಗೆ ಜಾಸ್ತಿ ಹರಿಯುತ್ತದೆ. ಮೈ ಹಾರುವುದಕ್ಕೆ ಸಿದ್ಧವಾಗುತ್ತಿದೆ ಅಂತ ಅವಳಿಗೆ ಬಿಡಿಸಿ ಹೇಳಿ. ಆವೇಶದಲ್ಲಿ ಹೆಜ್ಜೆಯೂ ಉದ್ದವಾಗುತ್ತದೆ, ಪಾದ ಜಿಗಿಯುವ ಹಲಗೆ ದಾಟುತ್ತದೆ, ಅದೇ ಫೌಲ್. ಹಾಗಾಗಿ ಅವತ್ತೇ, ಆ ಟ್ರ್ಯಾಕಿನಲ್ಲೇ ಪೂರ್ತಿ ರನ್‌ಅಪ್ ಓಡಿ, ಓಟ ಶುರುಮಾಡುವ ಗುರುತು ಸರಿಮಾಡಿಕೊಳ್ಳಲಿ. ನಾನು ತರಬೇತಿ ಕೊಡುವ ಹುಡುಗಿಯರಿಗೆ ಹೇಳೋದು ಇಷ್ಟೇ: ಗುರುತಿನ ಮೇಲೆ ನಿಂತು ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನಕ್ಕೆ ಬಿಡಿ, ಎದೆಬಡಿತ ಇಳಿಯುತ್ತದೆ. ಮೊದಲ ಜಿಗಿತ ಹಲಗೆಗೆ ಸ್ವಲ್ಪ ಹಿಂದಿನಿಂದಲೇ ಆದರೂ ಪರವಾಗಿಲ್ಲ. ಒಂದು ಅಳತೆ ದಾಖಲಾದರೆ ಮನಸ್ಸು ಹಗುರ.

ಫೌಲ್ ಆದರೂ ಕಥೆ ಮುಗಿಯಲಿಲ್ಲ, ಅಲ್ವಾ? 2024ರ ಪ್ಯಾರಿಸ್ ಒಲಿಂಪಿಕ್ಸ್ ಜಾವೆಲಿನ್ ಫೈನಲ್‌ನಲ್ಲಿ ನೀರಜ್ ಚೋಪ್ರಾ ಅವರ ಆರು ಎಸೆತಗಳಲ್ಲಿ ಐದು ಫೌಲ್, ಮೊದಲನೆಯದೂ ಸೇರಿ. ಉಳಿದ ಒಂದೇ ಒಂದು 89.45 ಮೀಟರ್, ಬೆಳ್ಳಿ ಬಂತು.

ಬೇಜಾರು ಮಾಡ್ಕೋಬೇಡಿ, ಬದಿಯಲ್ಲಿ ನಿಂತು ‘ಫೌಲ್ ಮಾಡ್ಬೇಡ’ ಅಂತ ಮಾತ್ರ ಕೂಗಬೇಡಿ. ಹಲಗೆಯ ಮೇಲೇ ಅವಳ ಕಣ್ಣು ಹೋಗುತ್ತದೆ. ಊಟ, ನಿದ್ದೆ ವಾರಗಟ್ಟಲೆ ಕೆಟ್ಟರೆ ಡಾಕ್ಟರಿಗೆ ತೋರಿಸಿ.