ಬಿದ್ದ ವಾಡೆ, ನಿಂತ ಗಾಡಿ: ಪುಣೆ ಪೇಟೆಗಳ ಖಾಲಿ ಜಾಗದ ಬಗ್ಗೆ ನಿಮ್ಮ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಪುಣೆಯ ಹಳೇ ಪೇಟೆಗಳ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ವಾಡೆ (ನಡುವೆ ಅಂಗಳ ಇರೋ ಹಳೇ ಕಾಲದ ದೊಡ್ಡ ಮನೆ) ಬಿದ್ದ ಜಾಗಗಳೆಲ್ಲ ಗಾಡಿ ನಿಲ್ಲಿಸೋ ಜಾಗ ಆಗ್ತಾ ಇವೆ, ಅಲ್ಲಿ ಮತ್ತೆ ಜನ ಬಂದು ಇರುವಂತಾಗಬೇಕು ಅನ್ನೋದು ನನ್ನ ಮಾತು. ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಒಪ್ಪಿದವರೂ ಇದ್ದಾರೆ, ಸಿಟ್ಟಾದವರೂ ಇದ್ದಾರೆ. ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ. ಹೆಸರು ಹಾಕಬೇಡಿ ಅಂತ ಹೆಚ್ಚಿನವರು ಕೇಳಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನಮ್ಮ ಮಾವನವರು ವಿಜಯಪುರದಿಂದ ಬಂದು ನಾರಾಯಣ ಪೇಟೆಯ ಒಂದು ವಾಡೆಯಲ್ಲಿ ಎರಡು ಖೋಲಿ ಬಾಡಿಗೆಗೆ ಹಿಡಿದಿದ್ದರು. ನಾನು ಮದುವೆಯಾಗಿ ಬಂದದ್ದೂ ಅದೇ ಮನೆಗೆ. ಆರು ವರ್ಷದ ಹಿಂದೆ ಮಳೆಗಾಲದಲ್ಲಿ ಹಿಂದಿನ ಗೋಡೆ ಕುಸಿಯಿತು. ಅಪಾಯದ ಕಟ್ಟಡ ಅಂತ ನೋಟಿಸ್ ಬಂತು, ಪಾಲಿಕೆಯಿಂದಲೇ ಕೆಡವಿದರು. ಈಗ ಅಲ್ಲಿ ಪೇ ಅಂಡ್ ಪಾರ್ಕ್ ನಡೆಯುತ್ತಿದೆ. ನಾವು ಊರಂಚಿನ ಧಾಯರಿಯಲ್ಲಿ ಬೇರೆ ಮನೆ ಮಾಡಿಕೊಂಡಿದ್ದೇವೆ. "ಮನೆಯೇ ಇಲ್ಲ ಅಂದ ಮೇಲೆ ಬಾಡಿಗೆದಾರ ಎಲ್ಲಿಂದ ಬಂದ?" ಅಂತ ಮಾಲೀಕರು ಕೇಳುತ್ತಾರೆ. ನಮ್ಮ ಹಕ್ಕು ಹೋದಂತೆಯೇ? ಮತ್ತೆ ಕಟ್ಟದೇ ಆ ಜಾಗವನ್ನು ಯಾಕೆ ಹಾಗೇ ಬಿಟ್ಟಿದ್ದಾರೆ?

ಉತ್ತರ: ಇಲ್ಲ ತಾಯಿ, ಹೋಗಿಲ್ಲ. ಸಾಂಗ್ಲಿಯ ಇಂಥದ್ದೇ ಒಂದು ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ಅಲ್ಲೂ ಹಳೇ ಕಟ್ಟಡವನ್ನು ಪಾಲಿಕೆ ಕೆಡವಿತ್ತು. 2014ರಲ್ಲಿ ತೀರ್ಪು ಬಂತು: ಕಟ್ಟಡ ಕೆಡವಿದ ಮಾತ್ರಕ್ಕೆ ಬಾಡಿಗೆಯ ಹಕ್ಕು ಮುಗಿಯುವುದಿಲ್ಲ, ಯಾಕೆಂದರೆ ಬಾಡಿಗೆಗೆ ಕೊಟ್ಟಿದ್ದು ಬರೀ ಗೋಡೆ ಮತ್ತು ಮಾಡು ಅಲ್ಲ, ಅದರ ಕೆಳಗಿನ ನೆಲವೂ ಸೇರಿ. ಮಾಲೀಕರು ಹೇಳಿದ್ದಕ್ಕೆ ಇದೇ ಉತ್ತರ.

ಆದರೆ ಹಕ್ಕು ಇರೋದು ಬೇರೆ, ಅದನ್ನು ತೋರಿಸೋದು ಬೇರೆ. ಮಾವನವರ ಕಾಲದ ಬಾಡಿಗೆ ರಸೀದಿ, ಹಳೇ ಲೈಟ್ ಬಿಲ್, ಆ ವಿಳಾಸದ ರೇಷನ್ ಕಾರ್ಡ್, ಕೆಡವುವ ಮೊದಲು ಬಂದ ನೋಟಿಸ್, ಇವನ್ನೆಲ್ಲ ಒಂದು ಫೈಲಿಗೆ ಹಾಕಿ. ಖೋಲಿಗಳ ಅಳತೆ ಎಲ್ಲಾದರೂ ಬರೆದಿಟ್ಟಿದ್ದರೆ ಅದು ಚಿನ್ನ, ಯಾಕೆಂದರೆ ನಾಳೆ ಹೊಸ ಕಟ್ಟಡ ಎದ್ದಾಗ ಮೊದಲ ಜಗಳ ಅಳತೆಯದ್ದೇ. ಮನೆಯೊಳಗೆ ತೆಗೆಸಿದ ಮದುವೆ, ಹಬ್ಬದ ಫೋಟೋಗಳನ್ನೂ ಎಸೆಯಬೇಡಿ. ಸಿಟಿ ಸರ್ವೆ ಆಫೀಸಿನಿಂದ ಆ ಜಾಗದ ಪ್ರಾಪರ್ಟಿ ಕಾರ್ಡ್ ತೆಗೆಸಿ, ಈಗ ಯಾರ ಹೆಸರಲ್ಲಿದೆ ನೋಡಿ. ಆಮೇಲೆ ಹಳೇ ಬಾಡಿಗೆದಾರರೆಲ್ಲ ಒಂದು ಕಡೆ ಸೇರಿ. ಒಬ್ಬೊಬ್ಬರೇ ಹೋದರೆ ಒಬ್ಬೊಬ್ಬರಿಗೇ ಸ್ವಲ್ಪ ದುಡ್ಡು ಕೊಟ್ಟು ಸಹಿ ಹಾಕಿಸಿಕೊಳ್ಳುತ್ತಾರೆ. ಎಲ್ಲರ ಪರವಾಗಿ ಒಬ್ಬ ವಕೀಲರಿಂದ "ನಾವು ಇದ್ದೇವೆ, ಬಾಡಿಗೆ ಕೊಡಲು ತಯಾರಿದ್ದೇವೆ" ಅಂತ ಬರೆಸಿ ಕಳಿಸಿ. ಆರು ವರ್ಷ ಆಗಿದೆ, ಇನ್ನು ತಡ ಮಾಡಬೇಡಿ.

ಜಾಗ ಯಾಕೆ ಹಾಗೇ ಬಿದ್ದಿದೆ ಅಂತಲೂ ಕೇಳಿದ್ದೀರಿ. ಮಾಲೀಕರನ್ನು ಬರೀ ಬೈದರೆ ಅದು ಅರ್ಥವಾಗೋದಿಲ್ಲ. ಒಂದು ವಾಡೆಗೆ ಹತ್ತು ಹದಿನೈದು ವಾರಸುದಾರರು ಇರುತ್ತಾರೆ, ಅವರಲ್ಲಿ ಇಬ್ಬರು ಪರದೇಶದಲ್ಲಿ. ಅಷ್ಟೇ ಸಂಖ್ಯೆಯ ಬಾಡಿಗೆದಾರರು. ಕಟ್ಟಬೇಕಾದರೆ ಇಷ್ಟು ಜನ ಒಂದು ಮಾತಿಗೆ ಬರಬೇಕು. ಗಾಡಿ ನಿಲ್ಲಿಸಲು ಕೊಡೋಕೆ ಒಂದು ಸರಪಳಿ, ಒಂದು ಕುರ್ಚಿ, ಒಂದು ರಸೀದಿ ಪುಸ್ತಕ ಸಾಕು. ಸಂಜೆಗೆ ಕೈಗೆ ನಗದು ಬರುತ್ತದೆ. ಇನ್ನೊಂದು ಕಷ್ಟ ಜಾಗದ ಆಕಾರದ್ದು. ವಾಡೆಯ ಜಾಗಗಳು ಅಗಲ ಕಮ್ಮಿ, ಉದ್ದ ಜಾಸ್ತಿ. ಇಪ್ಪತ್ತು ಅಡಿ ಅಗಲದ ಜಾಗ ಅಂದುಕೊಳ್ಳಿ. ಎತ್ತರ ಹೆಚ್ಚಿಸಲು ಎರಡೂ ಪಕ್ಕ ಒಂದೊಂದು ಮೀಟರ್ ಬಿಡಬೇಕಾಗಿ ಬಂದರೆ ಉಳಿಯೋದು ಹದಿಮೂರೂವರೆ ಅಡಿ. ಅದರಲ್ಲಿ ಮೆಟ್ಟಿಲು, ಲಿಫ್ಟ್ ಹೋದರೆ ಮನೆ ಎಲ್ಲಿ? ಅದಕ್ಕೇ ನಾನು ಹೇಳೋದು, ಪಕ್ಕದ ಜಾಗದವರನ್ನೂ ಸೇರಿಸಿಕೊಂಡು ಮಾತಿಗೆ ಕೂಡಿ ಅಂತ. ಎರಡು ಮೂರು ಜಾಗ ಒಂದಾದರೆ ನಡುವೆ ಬಿಡೋ ಜಾಗ ಉಳಿಯುತ್ತದೆ, ಮೆಟ್ಟಿಲು ಒಂದೇ ಆಗುತ್ತದೆ, ಬಾಡಿಗೆದಾರರಿಗೂ ಮಾಲೀಕರಿಗೂ ಲೆಕ್ಕ ಕೂಡಿ ಬರುತ್ತದೆ.

ನಾನೂ ಸದಾಶಿವ ಪೇಟೆಯ ವಾಡೆಯಲ್ಲಿ ಬೆಳೆದವಳು. ನಮ್ಮದೂ ಈಗ ಖಾಲಿ ಜಾಗ. ಪಕ್ಕದ ಮನೆಯ ಗೋಡೆಗೆ ನಮ್ಮ ಮನೆ ಅಂಟಿಕೊಂಡಿತ್ತಲ್ಲ, ಅದರ ಗುರುತು ಆ ಗೋಡೆಯ ಮೇಲೆ ಹಾಗೇ ಇದೆ. ನೀಲಿ ಸುಣ್ಣದ ಒಂದು ಚೌಕ, ಅದು ಅಡುಗೆಮನೆ. ಓರೆಯಾಗಿ ಮೇಲೆ ಹೋದ ಗೆರೆ, ಅದು ಮೆಟ್ಟಿಲು. ಆಳೆತ್ತರದಲ್ಲಿ ಒಂದು ಗೂಡು, ಅದರೊಳಗೆ ದೀಪದ ಮಸಿ ಇನ್ನೂ ಕಪ್ಪಗಿದೆ. ಅವ್ವ ಸಂಜೆ ದೀಪ ಇಡುತ್ತಿದ್ದ ಗೂಡು ಅದು. ಈಗ ಅದರ ಕೆಳಗೆ ಸಾಲಾಗಿ ಸ್ಕೂಟರ್ ನಿಂತಿರುತ್ತವೆ. ನಿಮ್ಮ ಪತ್ರ ಓದಿದಾಗ ಅದೇ ಕಣ್ಮುಂದೆ ಬಂತು.

ಪ್ರಶ್ನೆ: ಲಕ್ಷ್ಮೀ ರೋಡಿನ ಹತ್ತಿರ ನಮ್ಮದು ಬಟ್ಟೆ ಅಂಗಡಿ, ಎರಡನೇ ತಲೆಮಾರು. ನೀವು ಪಾರ್ಕಿಂಗ್ ತೆಗೆದು ಮನೆ ಕಟ್ಟಿ ಅಂತ ಬರೆದಿದ್ದೀರಿ. ಗಿರಾಕಿ ಗಾಡಿ ಎಲ್ಲಿ ಹಚ್ಚಬೇಕು? ಈಗಲೇ ಜನ ಮಾಲ್‌ಗಳಿಗೆ ಹೋಗುತ್ತಿದ್ದಾರೆ. ನಮ್ಮ ಹೊಟ್ಟೆಪಾಡಿನ ಬಗ್ಗೆಯೂ ಯೋಚಿಸಬೇಕಲ್ವಾ?

ಉತ್ತರ: ಯೋಚಿಸಬೇಕು ಅಣ್ಣಾ. ನಾಳೆ ಬೆಳಿಗ್ಗೆಯೇ ಎಲ್ಲ ಪಾರ್ಕಿಂಗ್ ಮುಚ್ಚಿ ಅಂತ ನಾನು ಹೇಳಿಲ್ಲ. ಆದರೆ ಒಂದು ಲೆಕ್ಕ ಹಾಕಿ ನೋಡಿ. ಒಂದು ಕಾರು ಬಂದು, ತಿರುಗಿ, ನಿಂತು, ಹೊರಗೆ ಹೋಗೋಕೆ ಬಯಲಿನಲ್ಲಿ ಸುಮಾರು 23 ಚದರ ಮೀಟರ್ ಬೇಕು ಅಂತ ನಮ್ಮ ಕಡೆ ಲೆಕ್ಕ ಹಿಡಿಯುತ್ತಾರೆ. ಅಂದರೆ 250 ಚದರಡಿಯ ಹತ್ತಿರ. ನೆಲಮಾಳಿಗೆ ಮಾಡಿದರೆ ಇನ್ನೂ ಜಾಸ್ತಿ, 32 ಚದರ ಮೀಟರ್. ವಾಡೆಯಲ್ಲಿ ಅಷ್ಟು ಜಾಗದ ಎರಡು ಖೋಲಿಯಲ್ಲಿ ಒಂದು ಇಡೀ ಸಂಸಾರ ಇರುತ್ತಿತ್ತು. ಆ ಮನೆಯವರು ದಿನಾ ನಿಮ್ಮ ಅಂಗಡಿ ಮುಂದೆ ಓಡಾಡುತ್ತಿದ್ದರು, ಮಕ್ಕಳ ಯೂನಿಫಾರ್ಮಿಗೆ, ದೀಪಾವಳಿಗೆ, ಮದುವೆಗೆ ನಿಮ್ಮಲ್ಲಿಗೇ ಬರುತ್ತಿದ್ದರು. ಅವರು ಈಗ ಧಾಯರಿಯಲ್ಲಿದ್ದಾರೆ, ಸಿಂಹಗಡ ರೋಡಿನಲ್ಲಿದ್ದಾರೆ, ಗಾಡಿ ಹಚ್ಚೋಕೆ ಜಾಗ ಸಿಗಲ್ಲ ಅಂತ ಅಲ್ಲೇ ಬಟ್ಟೆ ತಗೋತಾರೆ. ನಿಮ್ಮ ಗಿರಾಕಿ ಕಮ್ಮಿ ಆಗಿದ್ದಕ್ಕೆ ಪಾರ್ಕಿಂಗ್ ಸಾಲದು ಅನ್ನೋದೊಂದೇ ಕಾರಣ ಅಲ್ಲ. ಗಿರಾಕಿಯ ಮನೆಯೇ ಇಲ್ಲಿಂದ ಎದ್ದು ಹೋಯಿತು.

ತರಕಾರಿ ಮಾರ್ಕೆಟ್ ಮಂಡಈ ಪಕ್ಕದ ಆರ್ಯನ್, ಮಿನರ್ವಾ ಪಾರ್ಕಿಂಗ್ ನಿಮಗೆ ಗೊತ್ತೇ ಇದೆ. ಎರಡೂ ಮೊದಲು ಚಿತ್ರಮಂದಿರಗಳಿದ್ದ ಜಾಗ. ಆರ್ಯನ್ ಅಂತೂ 1915ರಲ್ಲಿ ಶುರುವಾದದ್ದು. ಅಂಥ ದೊಡ್ಡ ಪಾರ್ಕಿಂಗ್ ಇರಲಿ, ಒಳ್ಳೆಯದೇ, ಸರಿಯಾಗಿ ಬಳಸಿದರೆ ಅವು ಬೇಕಾಗುತ್ತವೆ. ನನ್ನ ತಕರಾರು ಗಲ್ಲಿಯೊಳಗಿನ ಹತ್ತು ಹದಿನೈದು ಗಾಡಿಯ ಚಿಕ್ಕ ಚಿಕ್ಕ ಜಾಗಗಳ ಬಗ್ಗೆ. ಒಂದು ಕಾರು ಹೊರಗೆ ತೆಗೆಯೋಕೆ ಇಡೀ ಗಲ್ಲಿ ನಿಲ್ಲಬೇಕಾಗುತ್ತದೆ. ಅಂಥಾ ಜಾಗದಿಂದ ನಿಮಗೆ ಬರೋ ಲಾಭ ಎಷ್ಟು?

2024ರ ಸೆಪ್ಟೆಂಬರ್‌ನಲ್ಲಿ ಸಿವಿಲ್ ಕೋರ್ಟಿನಿಂದ ಸ್ವಾರಗೇಟ್ ತನಕ ನೆಲದಡಿಯ ಮೆಟ್ರೋ ಶುರುವಾಯಿತು. ಮಂಡಈಯಲ್ಲಿ ಇಳಿದರೆ ನಿಮ್ಮ ಅಂಗಡಿಗೆ ನಡೆದೇ ಬರಬಹುದು. ಆದರೆ ನಡೆಯೋಕೆ ಫುಟ್‌ಪಾತ್ ಬೇಕಲ್ಲ, ಅದರ ಮೇಲೆ ಬೈಕ್ ಇರಬಾರದಲ್ಲ. ವ್ಯಾಪಾರಿಗಳ ಸಂಘ ಪಾಲಿಕೆಯನ್ನು ಕೇಳಬೇಕಾದ್ದು ಅದನ್ನು. ಕೆಲವು ವರ್ಷಗಳಿಂದ ಡಿಸೆಂಬರ್ 11ಕ್ಕೆ ಲಕ್ಷ್ಮೀ ರೋಡಿನಲ್ಲಿ ಗಾಡಿ ಬಂದ್ ಮಾಡಿ ಪಾದಚಾರಿ ದಿನ ಮಾಡುತ್ತಾರೆ. ಆ ದಿನ ಅಜ್ಜಿಯರು ರಸ್ತೆ ನಡುವೆ ನಿಂತು ಸೀರೆಯ ಬಣ್ಣ ನೋಡುವುದನ್ನು ನಾನೇ ಕಂಡಿದ್ದೇನೆ. ಕೋಪನ್‌ಹೇಗನ್ನಿನ ನ್ಯೂಹಾವ್ನ್ ಅನ್ನೋ ಹಳೇ ಕಾಲುವೆ ದಂಡೆಯೂ ಒಂದು ಕಾಲಕ್ಕೆ ಕಾರು ನಿಲ್ಲಿಸೋ ಜಾಗವೇ ಆಗಿತ್ತು. 1980ರಲ್ಲಿ ಅದನ್ನು ನಡೆಯುವವರಿಗೆ ಬಿಟ್ಟುಕೊಟ್ಟರು. ಈಗ ಆ ಊರಿಗೆ ಹೋದವರೆಲ್ಲ ಅಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅಲ್ಲಿಯ ಚಳಿ ಬೇರೆ, ಇಲ್ಲಿಯ ಗದ್ದಲ ಬೇರೆ, ಒಪ್ಪುತ್ತೇನೆ. ಆದರೂ ಗಾಡಿ ಹೋದರೆ ವ್ಯಾಪಾರ ಸತ್ತೇ ಹೋಗುತ್ತದೆ ಅನ್ನೋ ಹೆದರಿಕೆ ಎಲ್ಲ ಊರಲ್ಲೂ ನಿಜವಾಗಿಲ್ಲ.

ಒಂದು ಮಾತು ಮಾತ್ರ ನಿಮ್ಮದೇ ಸರಿ. ಮೊದಲು ನಡೆಯೋಕೆ ಜಾಗ, ಬಸ್ಸು, ದೊಡ್ಡ ಪಾರ್ಕಿಂಗಿಗೆ ಸರಿಯಾದ ದರ, ಇದೆಲ್ಲ ಆಗಬೇಕು. ಆಮೇಲೆ ಗಲ್ಲಿಯ ಜಾಗ ಒಂದೊಂದಾಗಿ ಮನೆಗೆ ಹೋಗಲಿ. 2018ರಲ್ಲಿ ಪಾಲಿಕೆಯ ಸಭೆ ಪಾರ್ಕಿಂಗ್ ನೀತಿಗೆ ಒಪ್ಪಿಗೆ ಕೊಟ್ಟಿತ್ತು. ಅದರ ಪ್ರತಿ ಹಿಡಿದುಕೊಂಡು ನಿಮ್ಮ ಸಂಘದವರು ವಾರ್ಡ್ ಆಫೀಸಿಗೆ ಹೋದರೆ ನಾನೂ ಜೊತೆಗೆ ಬರುತ್ತೇನೆ.

ಪ್ರಶ್ನೆ: ಪೇಶ್ವೆಯರ ಕೋಟೆ ಶನಿವಾರವಾಡೆಯಿಂದ ಕೂಗಳತೆಯಲ್ಲಿ ನಮ್ಮ ಅಜ್ಜನ ಕಾಲದ ಜಾಗ ಇದೆ. ಮನೆ ಬಿದ್ದು ಹೋಗಿದೆ. ಕಟ್ಟೋಕೆ ಅನುಮತಿ ಸಿಗುತ್ತಿಲ್ಲ. ಏನು ಮಾಡೋದು?

ಉತ್ತರ: ನಿಮ್ಮದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಸುಮ್ನೆ ಆಸೆ ಹುಟ್ಟಿಸೋದಿಲ್ಲ. ಶನಿವಾರವಾಡೆ ಕೇಂದ್ರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅಂಥ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್ ತನಕ ಅನುಮತಿ ತಗೊಂಡು ಕಟ್ಟಬಹುದು. 1992ರಲ್ಲಿ ಹೊರಟ ಆದೇಶ ಇದು, 2010ರಲ್ಲಿ ಕಾನೂನಿಗೇ ಸೇರಿತು. 1992ರ ಜೂನ್ 16ಕ್ಕೂ ಮೊದಲು ಇದ್ದ ಮನೆಯನ್ನು ರಿಪೇರಿ ಮಾಡೋಕೆ ಅನುಮತಿ ಕೇಳಬಹುದು. ಆದರೆ ರಿಪೇರಿ ಮಾಡೋಕೆ ಮನೆ ನಿಂತಿರಬೇಕು. ಈ ಉತ್ತರ ಓದುತ್ತಿರುವ ಅಕ್ಕಪಕ್ಕದವರಿಗೆ ಹೇಳುತ್ತೇನೆ, ವಾಡೆ ಇನ್ನೂ ನಿಂತಿದ್ದರೆ ಬೀಳೋಕೆ ಬಿಡಬೇಡಿ. ಹಂಚು ಸರಿಸಿ, ಸೋರೋದನ್ನು ನಿಲ್ಲಿಸಿ, ತೊಲೆಗೆ ಗೆದ್ದಲು ಹಿಡಿದಿದೆಯಾ ನೋಡಿ.

ನಿಮಗೆ ನಾನು ಹೇಳೋದು, ಮೊದಲು ಅಳತೆ ಮಾಡಿಸಿ. ಕೂಗಳತೆ ಅನ್ನೋದು ಕಾನೂನಿಗೆ ಸಾಲದು. ರಕ್ಷಿತ ಗಡಿಯಿಂದ ನಿಮ್ಮ ಜಾಗ 95 ಮೀಟರ್ ದೂರವೋ 105 ಮೀಟರ್ ದೂರವೋ ಅನ್ನೋದರ ಮೇಲೆ ಎಲ್ಲ ನಿಂತಿದೆ. 100ರ ಆಚೆ ಬಂದರೆ ಅರ್ಜಿ ಹಾಕಿ. ಒಳಗೇ ಇದ್ದರೆ, ಸದ್ಯಕ್ಕೆ ಕಾಂಪೌಂಡ್ ಗಟ್ಟಿ ಇಟ್ಟುಕೊಂಡು, ಕಸ ಬೀಳದಂತೆ ನೋಡಿಕೊಂಡು, ತೆರಿಗೆ ಕಟ್ಟುತ್ತಾ ಇರಿ. ಈ ನಿಯಮದಿಂದ ಅಲ್ಲಿಯ ಚಿಕ್ಕ ಮನೆಗಳವರಿಗೆ ಆಗುತ್ತಿರುವ ತೊಂದರೆ ನಿಜ. ಸ್ಮಾರಕ ಉಳಿಯಲೇಬೇಕು. ಆದರೆ ಅದರ ಸುತ್ತ ಮೊದಲು ಇದ್ದಂಥ ಎರಡಂತಸ್ತಿನ ಮನೆಯಾದರೂ ಮತ್ತೆ ಏಳಲಿ ಅನ್ನೋದು ನನ್ನ ಸ್ವಂತ ಅಭಿಪ್ರಾಯ.

ಪ್ರಶ್ನೆ: ನಾನು ಹುಬ್ಬಳ್ಳಿಯವನು, ಪುಣೆಯಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದೇನೆ. ವಾಡೆ ಬಿದ್ದ ಜಾಗದಲ್ಲಿ ಹೊಸ ಕಟ್ಟಡ ಬಂದರೆ ಅದು ಹೇಗಿರಬೇಕು? ಕಮಾನು, ಕೆತ್ತನೆ ಎಲ್ಲ ಇಟ್ಟು ಹಳೆಯದರ ಹಾಗೇ ಮಾಡಬೇಕೇ? ನನ್ನ ಪ್ರಾಜೆಕ್ಟಿಗೆ ಅಂಥದ್ದೊಂದು ಜಾಗವೂ ಬೇಕಾಗಿದೆ.

ಉತ್ತರ: ತಮ್ಮಾ, ಕಮಾನಿನಿಂದ ಶುರು ಮಾಡಬೇಡ. ಹೊಸ್ತಿಲಿನಿಂದ ಶುರು ಮಾಡು. ನಮ್ಮ ಕಡೆ ಊರಗೌಡರ ವಾಡೆ ನೋಡಿರುತ್ತೀಯ. ಬಾಗಿಲ ಪಕ್ಕ ಕಟ್ಟೆ, ಒಳಗೆ ಪಡಸಾಲೆ, ನಡುವೆ ಅಂಗಳ. ಪುಣೆಯ ವಾಡೆಯೂ ಹೆಚ್ಚುಕಮ್ಮಿ ಹಾಗೆಯೇ. ಗೋಡೆ ನೇರ ರಸ್ತೆಗೆ ಬರುತ್ತದೆ, ಅಂಗಳ ಒಳಗಿರುತ್ತದೆ, ಇದರಲ್ಲಿ ಇಡೀ ಪೇಟೆಯ ಗುಟ್ಟು ಇದೆ. ಗೋಡೆ ರಸ್ತೆಗೆ ಬಂದದ್ದರಿಂದ ಗಲ್ಲಿಯಲ್ಲಿ ನೆರಳು, ಕಟ್ಟೆ ಮೇಲೆ ಕೂತವರ ಕಣ್ಣು ರಸ್ತೆಯ ಮೇಲೆ. ಅಂಗಳ ಒಳಗಿದ್ದದ್ದರಿಂದ ಪಕ್ಕಕ್ಕೆ ಜಾಗ ಬಿಡದೇ ಹೋದರೂ ಪ್ರತಿ ಖೋಲಿಗೂ ಗಾಳಿ ಬೆಳಕು.

1961ರ ಜುಲೈ 12ರಂದು ಪಾನ್‌ಶೆತ್ ಡ್ಯಾಂ ಒಡೆದು ನದಿದಂಡೆಯ ಪೇಟೆಗಳಿಗೆ ನೀರು ನುಗ್ಗಿತು. ಮಣ್ಣಿನ ಗೋಡೆಯ ವಾಡೆಗಳು ಎಷ್ಟೋ ಕರಗಿ ಬಿದ್ದವು. ಹಾಗೆ ಖಾಲಿಯಾದ ಜಾಗಗಳಲ್ಲಿ ಕಾಂಕ್ರೀಟ್ ಕಟ್ಟಡ ಬಂದವು. ಅವನ್ನೊಮ್ಮೆ ನಡೆದು ನೋಡು. ಇತ್ತೀಚಿನವನ್ನೂ ನೋಡು. ಕೆಳಗೆ ಬರೀ ಕಂಬ, ಕಂಬದ ನಡುವೆ ಗಾಡಿ, ಮುಂದೆ ಗೇಟು. ರಸ್ತೆಗೆ ಒಂದು ಕಿಟಕಿಯೂ ಇಲ್ಲ. ಮೇಲೆ ಎಷ್ಟೇ ಚಂದದ ಕಮಾನು ಅಂಟಿಸಿದರೂ ಆ ಗಲ್ಲಿಯಲ್ಲಿ ರಾತ್ರಿ ಒಬ್ಬ ಹುಡುಗಿ ಧೈರ್ಯವಾಗಿ ನಡೆಯೋಕಾಗಲ್ಲ. ಅದಕ್ಕೇ ಕೆಳಗೆ ಅಂಗಡಿ ಇರಲಿ, ಇಲ್ಲವೇ ವಯಸ್ಸಾದವರಿಗೆ ಮನೆ ಇರಲಿ, ಒಂದು ಕಟ್ಟೆಯಂತೂ ಇರಲೇಬೇಕು. ಎತ್ತರ ಅಕ್ಕಪಕ್ಕದ ಮನೆಗಳ ಮಾಡಿಗಿಂತ ತೀರಾ ಮೇಲೆ ಹೋಗದಿರಲಿ. ಮರ, ಇಟ್ಟಿಗೆ, ಕಾಂಕ್ರೀಟ್, ಯಾವುದಾದರೂ ಆಗಲಿ, ಇಂದಿನದು ಇಂದಿನ ಹಾಗೇ ಕಾಣಲಿ.

ಅಗೆಯೋ ಮೊದಲು ಅಲ್ಲಿ ಹಳೇ ಬಾವಿ, ಹೌದ್ (ನೀರಿನ ತೊಟ್ಟಿ) ಇದೆಯೇ ಅಂತ ವಯಸ್ಸಾದವರನ್ನು ಕೇಳು. ನಾನಾಸಾಹೇಬ ಪೇಶ್ವೆಯ ಕಾಲದಲ್ಲಿ ಕಾತ್ರಜ್ ಕೆರೆಯಿಂದ ನೆಲದಡಿಯ ಕಾಲುವೆಯಲ್ಲಿ ಪೇಟೆಗಳ ಹೌದ್‌ಗಳಿಗೆ ನೀರು ಬರುತ್ತಿತ್ತು. ಜೆಸಿಬಿ ಒಮ್ಮೆ ಬಕೆಟ್ ಇಳಿಸಿದರೆ ಮುಗಿಯಿತು.

ನಿನ್ನ ಪ್ರಾಜೆಕ್ಟಿಗೆ ಜಾಗ ಬೇಕು ಅಂದಿದ್ದೆಯಲ್ಲ? ಮೇಲೆ ಬರೆದ ನಮ್ಮ ಮನೆಯ ಜಾಗವನ್ನೇ ತಗೋ. ಪಕ್ಕದವರು ಆ ಗೋಡೆಗೆ ದೀಪಾವಳಿ ಮುಗಿದ ಮೇಲೆ ಸಿಮೆಂಟ್ ಹಚ್ಚಿಸುತ್ತಾರಂತೆ. ಅಷ್ಟರೊಳಗೆ ಒಂದು ಭಾನುವಾರ, ಗಾಡಿ ಕಮ್ಮಿ ಇರೋ ಬೆಳಗಿನ ಹೊತ್ತು, ಟೇಪು ಹಿಡಿದುಕೊಂಡು ಬಾ. ಅಡುಗೆಮನೆ, ಮೆಟ್ಟಿಲು, ದೀಪದ ಗೂಡು, ಎಲ್ಲದರ ಅಳತೆ ಇನ್ನೂ ಸಿಗುತ್ತದೆ.