ಓದುಗರ ಪ್ರಶ್ನೆ: ಮೊಟ್ಟೆ, ಚಿಪ್ಪು ಮತ್ತು ಬಣ್ಣ

ಪ್ರಶ್ನೆ: ಕಂದು ಮೊಟ್ಟೆ ಒಡೆದರೆ ಚಿಪ್ಪಿನ ಒಳಮೈ ಬೆಳ್ಳಗಿರುತ್ತದೆ. ನೀಲಿ ಮೊಟ್ಟೆ ಒಳಗೂ ನೀಲಿ. ಯಾಕೆ ಹೀಗೆ?

ಉತ್ತರ: ಎರಡಕ್ಕೂ ಬಣ್ಣ ಹತ್ತುವ ಹೊತ್ತು ಬೇರೆ. ಕೋಳಿಯ ಹೊಟ್ಟೆಯಲ್ಲಿ ಮೊಟ್ಟೆ ತಯಾರಾಗಲು ಸುಮಾರು 24ರಿಂದ 26 ಗಂಟೆ ಬೇಕು. ಅದರಲ್ಲಿ 20 ಗಂಟೆಯಷ್ಟು ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಕಂದು ಬಣ್ಣ ಕೊಡುವ ಪ್ರೋಟೋಪಾರ್ಫಿರಿನ್ ಬಹುಪಾಲು ಕೊನೆಯ ಕೆಲವು ಗಂಟೆಗಳಲ್ಲಿ, ಹೊರಪದರಕ್ಕಷ್ಟೇ ಸೇರುತ್ತದೆ. ಆಗಷ್ಟೇ ಇಟ್ಟ, ಇನ್ನೂ ಒದ್ದೆಯಿರುವ ಮೊಟ್ಟೆಯನ್ನು ಬೆರಳಿನಿಂದ ಉಜ್ಜಿದರೆ ಸ್ವಲ್ಪ ಬಣ್ಣ ಕೈಗೆ ಬರುವುದೂ ಉಂಟು. ನೀಲಿ ಕೊಡುವ ಬಿಲಿವರ್ಡಿನ್ ಹಾಗಲ್ಲ, ಚಿಪ್ಪು ಕಟ್ಟುತ್ತಿರುವಾಗಲೇ ಸುಣ್ಣದ ಜೊತೆ ಬೆರೆತು ಬರುತ್ತದೆ.

ಎರಡೂ ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್‌ನ ನೆಂಟರೇ. ಪ್ರೋಟೋಪಾರ್ಫಿರಿನ್‌ಗೆ ಕಬ್ಬಿಣ ಸೇರಿದರೆ ಹೀಮ್. ಹೀಮ್ ಒಡೆದರೆ ಬಿಲಿವರ್ಡಿನ್. ಹಸಿರು ಮೊಟ್ಟೆ ಅಂದರೆ ನೀಲಿ ಚಿಪ್ಪಿನ ಮೇಲೆ ಕಂದು ಲೇಪ. ಒಡೆದು ಒಳಗೆ ನೋಡಿದರೆ ನೀಲಿಯೇ ಕಾಣುತ್ತದೆ.

ಪ್ರಶ್ನೆ: ಇದನ್ನು ಮನೆಯಲ್ಲೇ ಪರೀಕ್ಷಿಸಬಹುದೇ?

ಉತ್ತರ: ಖಂಡಿತ. ಬಿರುಕಿಲ್ಲದ ಕಂದು ಮೊಟ್ಟೆಯನ್ನು ಗಾಜಿನ ಲೋಟದಲ್ಲಿಟ್ಟು, ಮುಳುಗುವಷ್ಟು ಬಿಳಿ ವಿನೆಗರ್ (ಶೇ 5ರ ಆಮ್ಲ) ಸುರಿಯಿರಿ. ತಕ್ಷಣ ಗುಳ್ಳೆ ಏಳುತ್ತವೆ. ಅದು ಸುಣ್ಣ ಕರಗಿ ಹೊರಬರುವ ಇಂಗಾಲದ ಡೈಆಕ್ಸೈಡ್. 10–15 ನಿಮಿಷದ ನಂತರ ತೆಗೆದು, ನೀರಿನ ಕೆಳಗೆ ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿ. ಕಂದು ಕೆನೆ ಕಳಚಿ ಬಿಳಿ ಚಿಪ್ಪು ಕಾಣತೊಡಗುತ್ತದೆ. ಗುಳ್ಳೆಗಳು ಮೊಟ್ಟೆಯನ್ನು ಮೇಲೆತ್ತಿದರೆ ಗಾಳಿಗೆ ಒಡ್ಡಿದ ಭಾಗ ಹಾಗೇ ಉಳಿದು ಕಲೆಕಲೆಯಾಗುತ್ತದೆ. ಆದ್ದರಿಂದ ಚಮಚದಿಂದ ಆಗಾಗ ತಿರುಗಿಸಿ. ಒಂದೆರಡು ದಿನ ಮರೆತರಂತೂ ಚಿಪ್ಪೇ ಕರಗಿ, ಬರೀ ಪೊರೆಯ ಚೀಲ ಉಳಿಯುತ್ತದೆ.

ಇದಕ್ಕಿಂತ ಚೆಂದದ ಪರೀಕ್ಷೆ ಅತಿನೇರಳೆ ಟಾರ್ಚಿನದು. ಕತ್ತಲ ಕೋಣೆಯಲ್ಲಿ ಕಂದು ಮೊಟ್ಟೆಗೆ ಬೆಳಕು ಬಿಟ್ಟರೆ ಪ್ರೋಟೋಪಾರ್ಫಿರಿನ್ ಕೆಂಪಾಗಿ ಹೊಳೆಯುತ್ತದೆ. 365 ನ್ಯಾನೋಮೀಟರ್ ಟಾರ್ಚೇ ಒಳ್ಳೆಯದು. 395ರದ್ದರಲ್ಲಿ ನೇರಳೆ ಬೆಳಕು ಹೆಚ್ಚಾಗಿ ಹರಡಿ, ಆ ಹೊಳಪನ್ನು ಮಸುಕು ಮಾಡುತ್ತದೆ. ಮೊಟ್ಟೆಯನ್ನು ಬಿಳಿ ಕಾಗದ ಅಥವಾ ಡಿಟರ್ಜೆಂಟಿನಲ್ಲಿ ಒಗೆದ ಬಟ್ಟೆಯ ಮೇಲಿಡಬೇಡಿ: ಅವೇ ನೀಲಿಯಾಗಿ ಹೊಳೆದು ಕಣ್ಣು ಕುಕ್ಕುತ್ತವೆ. ಟಾರ್ಚನ್ನು ಯಾರ ಕಣ್ಣಿಗೂ ಬಿಡಬೇಡಿ.

ಪ್ರಶ್ನೆ: ನಮ್ಮ ಕಂದು ಮೊಟ್ಟೆಯ ಕೋಳಿಗಳು ಇದ್ದಕ್ಕಿದ್ದಂತೆ ಬಿಳಿಚಿದ ಮೊಟ್ಟೆ ಇಡುತ್ತಿವೆ. ಆಹಾರದಲ್ಲಿ ಮೆಕ್ಕೆಜೋಳ ಹೆಚ್ಚಿಸಬೇಕೇ?

ಉತ್ತರ: ಬೇಡ. ಮೆಕ್ಕೆಜೋಳದ ಹಳದಿ ಬಣ್ಣ ಮೊಟ್ಟೆಯೊಳಗಿನ ಹಳದಿ ಭಾಗಕ್ಕೆ ಹೋಗುತ್ತದೆ, ಚಿಪ್ಪಿಗೆ ಬರುವುದಿಲ್ಲ. ಕೋಳಿಗೆ ವಯಸ್ಸಾದಂತೆ ಮೊಟ್ಟೆ ದೊಡ್ಡದಾಗಿ, ಇದ್ದ ಬಣ್ಣವೇ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ. ಆದರೆ ಇದು ನಿಧಾನಕ್ಕೆ ಆಗುವ ಬದಲಾವಣೆ. ಬೆದರಿದ ಕೋಳಿ ಮೊಟ್ಟೆಯನ್ನು ತಡೆಹಿಡಿದರೆ ಕಂದಿನ ಮೇಲೆ ಮತ್ತೊಂದು ಸುಣ್ಣದ ಪದರ ಕೂತು ಮೊಟ್ಟೆ ಬೂದಿ ಬಳಿದಂತೆ ಕಾಣುತ್ತದೆ. ಅಲ್ಲೊಂದು ಇಲ್ಲೊಂದು ಮೊಟ್ಟೆಯಾದರೆ ಚಿಂತೆ ಬೇಡ.

ಹಿಂಡಿಗೆ ಹಿಂಡೇ ಎರಡು ಮೂರು ದಿನಗಳಲ್ಲಿ ಬಿಳಿಚಿಕೊಂಡರೆ ಮೊದಲು ಆಹಾರದ ಚೀಲದ ಮೇಲಿನ ಚೀಟಿ ಓದಿ. ಮಾಂಸದ ಕೋಳಿಗೆ ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ ಬಾರದಂತೆ ಬೆರೆಸುವ ನಿಕಾರ್ಬಜಿನ್ ಔಷಧ ಮೊಟ್ಟೆ ಕೋಳಿಯ ಹೊಟ್ಟೆಗೆ ಸೇರಿದರೆ ಕಂದು ಬಣ್ಣ ಬೇಗನೆ ಹೋಗುತ್ತದೆ. ಆ ಆಹಾರ ನಿಲ್ಲಿಸಿದರೆ ಮರಳಿ ಬರುತ್ತದೆ. ಚೀಟಿಯಲ್ಲಿ ಅದಿಲ್ಲದಿದ್ದರೆ, ಅದರಲ್ಲೂ ಚಿಪ್ಪು ತೆಳುವಾಗಿದ್ದರೆ ಅಥವಾ ಕೋಳಿಗಳು ಸೀನುತ್ತಿದ್ದರೆ, ಪಶುವೈದ್ಯರನ್ನು ಕರೆಸಲು ತಡಮಾಡಬೇಡಿ. ಎಗ್ ಡ್ರಾಪ್ ಸಿಂಡ್ರೋಮ್ ಮತ್ತು ಇನ್ಫೆಕ್ಷಿಯಸ್ ಬ್ರಾಂಕೈಟಿಸ್, ಈ ಎರಡು ವೈರಸ್ ರೋಗಗಳಲ್ಲೂ ಮೊಟ್ಟೆ ಬಣ್ಣ ಕಳೆದುಕೊಳ್ಳುತ್ತದೆ.

ಪ್ರಶ್ನೆ: ಏಡಿ, ಸಿಗಡಿ ಬೇಯಿಸಿದರೆ ಕೆಂಪಾಗುವುದೇಕೆ? ಇದೂ ಅದೇ ಬಣ್ಣವೇ?

ಉತ್ತರ: ಅಲ್ಲ, ಇದು ಅಸ್ಟಾಕ್ಸಾಂಥಿನ್, ಕ್ಯಾರೆಟ್ಟಿನ ಬಣ್ಣದ ಕುಟುಂಬಕ್ಕೆ ಸೇರಿದ್ದು. ಇದರ ಮೂಲ ಅವು ತಿನ್ನುವ ಆಹಾರ. ಜೀವಂತ ಏಡಿಯ ಚಿಪ್ಪಿನಲ್ಲಿ ಪ್ರೋಟೀನೊಂದು ಇದನ್ನು ಹಿಡಿದಿಟ್ಟಿರುವುದರಿಂದ ನೀಲಿ ಅಥವಾ ಬೂದು ಹಸಿರಾಗಿ ಕಾಣುತ್ತದೆ. ಬಿಸಿಗೆ ಪ್ರೋಟೀನಿನ ಹಿಡಿತ ಸಡಿಲವಾಗಿ, ಬಣ್ಣದ ನಿಜವಾದ ಕೆಂಪು ಹೊರಬೀಳುತ್ತದೆ.